ಬೆನ್ನು ಕಾಣಬೇಕು, ಲೈಟ್ ಎಲ್ಲಿಡಲಿ?

ಬರಿಗಾಲು:
ನಮಸ್ಕಾರ. ಇಪ್ಪತ್ತೈದು ನಿಮಿಷದ ಒಂದು ಪ್ರಯೋಗ ಮಾಡುತ್ತಿದ್ದೇನೆ, ಒಬ್ಬಳೇ. ಮಾತಿಲ್ಲ, ಹಾಡಿಲ್ಲ. ನಮ್ಮಜ್ಜಿ ಕುಕ್ಕರುಗಾಲಲ್ಲಿ ಕೂತು ಮಾಡುತ್ತಿದ್ದ ಕೆಲಸಗಳು ಅಷ್ಟೇ. ಒಲೆ ಊದುವುದು, ರುಬ್ಬುವುದು, ಪಾತ್ರೆ ತಿಕ್ಕುವುದು. ಎಲ್ಲವನ್ನೂ ಜನರಿಗೆ ಬೆನ್ನು ಹಾಕಿ ಕೂತು, ತುಂಬಾ ನಿಧಾನವಾಗಿ ಮಾಡುತ್ತೇನೆ. ಬ್ಲೌಸಿನ ಹಿಂಭಾಗ ಅದಕ್ಕೇ ಪೂರ್ತಿ ತೆರೆದಿದೆ. ಬೆನ್ನುಮೂಳೆಯ ಗಂಟುಗಳು ಒಂದೊಂದಾಗಿ ಏಳುವುದು ಕಾಣಬೇಕು.

ಜಾಗ ಮೈಸೂರಿನ ಒಂದು ಹಳೇ ಮನೆಯ ಮಹಡಿ ಹಾಲ್, 18 ಅಡಿಗೆ 24 ಅಡಿ. ಮೂವತ್ತು ಜನ ಚಾಪೆ ಮೇಲೆ ಕೂರುತ್ತಾರೆ. ಬಾಡಿಗೆಗೆ ಆರು ಎಲ್‌ಇಡಿ ಪಾರ್ (ಡಬ್ಬಿಯಂಥ ಸ್ಟೇಜ್ ಲೈಟ್) ತಂದು ಅವರ ತಲೆ ಮೇಲಿಂದ ಬಿಟ್ಟೆ. ವಿಡಿಯೋ ನೋಡಿದರೆ ಬೆನ್ನು ಚಪಾತಿ ಮಣೆ ಥರ ಚಪ್ಪಟೆ! ನನ್ನದು ಕಪ್ಪು ಮೈಬಣ್ಣ, ಅದೂ ಬೂದಿ ಬಳಿದ ಹಾಗಿದೆ. ಇನ್ನೂ ನಾಲ್ಕು ಲೈಟ್ ತರಲಾ? ಮೈಗೆ ಎಣ್ಣೆ ಹಚ್ಚಿಕೊಳ್ಳಲಾ?

ವೈರು_ಕಟ್ಟೋನು:
ಇನ್ನೂ ತರುವುದಿರಲಿ, ಇರುವ ಆರನ್ನೂ ವಾಪಸ್ ಕೊಡು ತಂಗಿ.

ನೋಡುವವರು ಕೂತ ಕಡೆಯಿಂದಲೇ ಬೆಳಕು ಬಂದರೆ ನೆರಳೆಲ್ಲ ಮೈಯ ಆಚೆ ಬೀಳುತ್ತದೆ. ನೆರಳಿಲ್ಲದೆ ಉಬ್ಬು ಯಾವುದು, ತಗ್ಗು ಯಾವುದು ಕಣ್ಣಿಗೆ ತಿಳಿಯುವುದಿಲ್ಲ. ಉತ್ತ ಹೊಲ ನೋಡಿದ್ದೀಯಲ್ಲ? ನಡುಮಧ್ಯಾಹ್ನ ಬರೀ ಮಣ್ಣು. ಸಂಜೆ ಓರೆ ಬಿಸಿಲು ಬಿದ್ದಾಗ ಒಂದೊಂದು ಸಾಲೂ ಎದ್ದು ಕಾಣುತ್ತದೆ. ಬೆನ್ನಿಗೂ ಅದೇ ಓರೆ ಬಿಸಿಲು ಬೇಕು.

ಡಾನ್ಸಿನವರು ವಿಂಗ್‌ನಲ್ಲಿ, ಅಂದರೆ ರಂಗದ ಪಕ್ಕದ ಮರೆಯಲ್ಲಿ, ಸ್ಟ್ಯಾಂಡ್ ನಿಲ್ಲಿಸಿ ಮೊಣಕಾಲಿನ ಕೆಳಗೆ, ಸೊಂಟಕ್ಕೆ, ತಲೆಗೆ ಅಂತ ಬೇರೆ ಬೇರೆ ಎತ್ತರಕ್ಕೆ ಲೈಟ್ ಕಟ್ಟುವುದು ಇದಕ್ಕೇ. ಅಮೆರಿಕದಲ್ಲಿ ಮಾರ್ಥಾ ಗ್ರಹಾಂ ಅವರ ನೃತ್ಯಗಳಿಗೆ ಬೆಳಕು ಮಾಡುತ್ತಿದ್ದ ಜೀನ್ ರೋಸೆಂತಾಲ್ ಎಂಬಾಕೆ ಈ ಪಕ್ಕದ ಬೆಳಕಿನಲ್ಲಿ ದೊಡ್ಡ ಕೆಲಸ ಮಾಡಿದ್ದಾರೆ. ನೀನು ಕೂತೇ ಇರುತ್ತೀಯ. ನಿನಗೆ ನೆಲದಿಂದ ಎರಡಡಿ ಎತ್ತರದಲ್ಲಿ, ಒಂದೇ ಪಕ್ಕದಿಂದ, ಒಂದೇ ಲೈಟ್ ಸಾಕು.

ಬೂದಿ ಬಣ್ಣದ್ದು ಆ ಎಲ್‌ಇಡಿ ದೋಷ. ಕೆಂಪು, ಹಸಿರು, ನೀಲಿ ಕೂಡಿಸಿ ಬಿಳಿ ಮಾಡುವ ಅಗ್ಗದ ಪಾರ್ ಇರಬೇಕು. ಅದರಲ್ಲಿ ಹಳದಿ, ಕಿತ್ತಳೆ ಭಾಗ ಸೊರಗಿರುತ್ತದೆ. ನಮ್ಮ ಮೈಬಣ್ಣ ಬದುಕುವುದೇ ಅಲ್ಲಿ. ಹಳೇ 500 ವ್ಯಾಟ್ ಹ್ಯಾಲೋಜನ್ ಹುಡುಕು. ಡಿಮ್ಮರ್ ಇಳಿಸಿದಷ್ಟೂ ಕೆಂಪಗಾಗುತ್ತದೆ, ಒಲೆ ಮುಂದೆ ಕೂತ ಹಾಗೆ.

ಎಣ್ಣೆ ಬೇಡ. ಹ್ಯಾಲೋಜನ್ ಪಕ್ಕ ಹತ್ತು ನಿಮಿಷ ಕೂತರೆ ಬೆವರು ತಾನೇ ಮಿಂಚುತ್ತದೆ. ಹಳೇ ಮನೆ ಅಂದೆಯಲ್ಲ, ವೈರಿಂಗ್ ಮೊದಲು ನೋಡಿಸು. ನಾನೊಮ್ಮೆ ಒಂದು ನಾಟಕದಲ್ಲಿ ಒಂದೇ ಸಾಕೆಟ್‌ಗೆ ಮೂರು ದೊಡ್ಡ ಲೈಟ್ ಚುಚ್ಚಿ ಫ್ಯೂಸ್ ಹಾರಿಸಿದ್ದೆ. ರಾಜ ಸಾಯುವುದಕ್ಕೆ ಇನ್ನೂ ಎರಡು ಮಾತು ಬಾಕಿ ಇತ್ತು. ಜನ ಕತ್ತಲಲ್ಲೇ ಚಪ್ಪಾಳೆ ಹೊಡೆದರು.

ಅಂದಹಾಗೆ, ಗೋಡೆ ಯಾವ ಬಣ್ಣ?

ನೀಲಿ_ಪರದೆ:
ಕತ್ತಲೆಗೆ ಹೆದರಬೇಡಿ. ಜಪಾನಿನಲ್ಲಿ 1959ರಲ್ಲಿ ಹಿಜಿಕಾಟಾ ತತ್ಸುಮಿ ಮಾಡಿದ ಪ್ರಯೋಗ, ಬೂಟೋ ಎಂಬ ನೃತ್ಯ ಶುರುವಾಗಿದ್ದು ಅನ್ನುತ್ತಾರಲ್ಲ ಅದು, ಬಹುಪಾಲು ಕತ್ತಲಲ್ಲೇ ನಡೆದಿತ್ತು. ಜೊತೆಗೆ ಹಿಂದಿನಿಂದ ನೀಲಿ ಜೆಲ್ (ಬಣ್ಣದ ಹಾಳೆ) ಹಾಕಿದ ಒಂದು ಲೈಟ್ ಕೊಡಿ. ಮಾಯೆ!

ವೈರು_ಕಟ್ಟೋನು:
ಕತ್ತಲೆಗೆ ನನ್ನ ಓಟೂ ಇದೆ. ನೀಲಿ ಬೇಡ. ಅಜ್ಜಿ ಪಾತ್ರೆ ತಿಕ್ಕಿದ್ದು ಹಿತ್ತಲಲ್ಲಿ, ಚಂದ್ರಲೋಕದಲ್ಲಲ್ಲ.

ಚೌಕಿ_ಬಾಗಿಲು:
ನಮ್ಮ ಕರಾವಳಿ ಕಡೆಯ ಮಾತು ಒಂದು. ದೊಂದಿ (ಪಂಜು) ಬೆಳಕಿನ ಯಕ್ಷಗಾನ ಆಟ ನೋಡಿದ್ದೀರಾ? ಬಣ್ಣದ ವೇಷದ, ಅಂದರೆ ರಾಕ್ಷಸ ಪಾತ್ರದ, ಮುಖಕ್ಕೆ ಅಕ್ಕಿಹಿಟ್ಟಿನ ಚಿಟ್ಟಿ ಇಡುತ್ತಾರೆ, ಸಣ್ಣ ಸಣ್ಣ ಮುಳ್ಳಿನ ಹಾಗೆ. ದೊಂದಿ ಅಲ್ಲಾಡಿದ ಹಾಗೆ ಒಂದೊಂದರ ನೆರಳೂ ಅಲ್ಲಾಡುತ್ತದೆ. ವೇಷಧಾರಿ ಸುಮ್ನೆ ನಿಂತಿದ್ದರೂ ಮುಖ ನಿಂತಿರುವುದಿಲ್ಲ. ರಾಳದ ಪುಡಿ ಎರಚಿದಾಗ ಭಗ್ಗನೆ ಎದ್ದ ಬೆಂಕಿಗೆ ನಾನು ಚಿಕ್ಕವನಿದ್ದಾಗ ಅಮ್ಮನ ಸೆರಗಿನೊಳಗೆ ಮುಖ ಹುದುಗಿಸಿದ್ದು ನೆನಪಿದೆ. ಅದೇ ವೇಷವನ್ನು ಟ್ಯೂಬ್‌ಲೈಟ್ ಸಾಲಿನ ಕೆಳಗೆ ನೋಡಿ, ಜಾತ್ರೆ ಗೊಂಬೆ. ನಿಮ್ಮ ಒಲೆ ಊದುವ ಭಾಗದಲ್ಲಾದರೂ ಬೆಳಕು ಸ್ವಲ್ಪ ಏರಿಳಿಯಲಿ. ಊದಿದಾಗ ಏರಲಿ, ಉಸಿರೆಳೆದಾಗ ಇಳಿಯಲಿ.

ಬರಿಗಾಲು:
ಅಣ್ಣಾ, ಗೋಡೆ ಸುಣ್ಣದ ಬಿಳಿ! ಹ್ಯಾಲೋಜನ್ ತಂದು ಎಡಗಡೆ ಸ್ಟೂಲ್ ಮೇಲಿಟ್ಟೆ. ಮೊದಲು ಏನೂ ವ್ಯತ್ಯಾಸ ಕಾಣಲಿಲ್ಲ, ಬೇಜಾರಾಯಿತು. ಆಮೇಲೆ ನಿಮ್ಮ ಪ್ರಶ್ನೆ ನೆನಪಾಗಿ ಬಲಗಡೆ ಗೋಡೆಗೆ ಅಪ್ಪನ ಎರಡು ಕಪ್ಪು ಪಂಚೆ ಇಳಿಬಿಟ್ಟೆ (ಶಬರಿಮಲೆಗೆ ಹೋದಾಗಿನವು). ಅಬ್ಬಾ! ಬಲ ಅರ್ಧ ಕತ್ತಲು, ನಡುವೆ ಮೂಳೆಯ ಗಂಟುಗಳು ಮಣಿ ಪೋಣಿಸಿದ ಹಾಗೆ. ರುಬ್ಬುವಾಗ ಹೆಗಲ ಹಿಂದಿನ ಚಪ್ಪಟೆ ಎಲುಬು ಚರ್ಮದ ಕೆಳಗೆ ಜಾರುವುದು ಕಾಣುತ್ತದೆ. ವಿಡಿಯೋ ನೋಡಿ ಅಮ್ಮ ಏನೂ ಹೇಳಲಿಲ್ಲ, ಇನ್ನೊಂದು ಸಲ ಹಾಕು ಅಂದರು.

ಒಲೆ ಊದುವಾಗ ಡಿಮ್ಮರ್ ಹಿಡಿಯಲು ತಮ್ಮನನ್ನು ಕೂರಿಸಿದ್ದೇನೆ. ನನ್ನ ಉಸಿರಿಗಿಂತ ಮೊದಲೇ ತಿರುಗಿಸುತ್ತಾನೆ, ಬಯ್ದು ಸಾಕಾಗಿದೆ. ಇನ್ನೊಂದು ತೊಂದರೆ, ಬಲತುದಿಯಲ್ಲಿ ಕೂತ ನಾಲ್ಕೈದು ಜನರ ಕಣ್ಣಿಗೆ ಲೈಟ್ ಚುಚ್ಚುತ್ತದೆ.

ವೈರು_ಕಟ್ಟೋನು:
ಬಿಳಿ ಗೋಡೆ ಅಂದರೆ ಪುಕ್ಕಟೆ ಎರಡನೇ ಲೈಟ್ ಇದ್ದ ಹಾಗೆ, ಅದಕ್ಕೇ ಕೇಳಿದ್ದು.

ಕಣ್ಣಿಗೆ ಹೊಡೆಯುವುದಕ್ಕೆ ಎಣ್ಣೆ ಡಬ್ಬಿಯ ತಗಡು ಕತ್ತರಿಸಿ, ಜನರ ಕಡೆಯ ಅಂಚಿಗೆ ಬಾಗಿಲ ಹಾಗೆ ತಂತಿಯಲ್ಲಿ ಕಟ್ಟು. ರಟ್ಟು ಬೇಡ, ಹೊತ್ತಿಕೊಳ್ಳುತ್ತದೆ. ನೀನು ಬಲತುದಿಯಲ್ಲಿ ಕೂತು, ಬಲ್ಬ್ ಮರೆಯಾಗುವವರೆಗೆ ತಮ್ಮನ ಕೈಲಿ ತಗಡು ಬಗ್ಗಿಸು. ಲೈಟ್ ಆರಿಸಿ, ತಣ್ಣಗಾದ ಮೇಲೆ ಮುಟ್ಟಲು ಹೇಳು.