ಸಿಯೆನ್ಸಿಯಾನೊ ಗೆದ್ದದ್ದು ಆಟದಿಂದಲೋ, ಎತ್ತರದಿಂದಲೋ?

ಗೋಡೆಗಡಿಯಾರ: ಪೆರುವಿನ ಕುಸ್ಕೊ ಊರಿನ ಸಿಯೆನ್ಸಿಯಾನೊ ಫುಟ್‌ಬಾಲ್ ಕ್ಲಬ್ 2003ರಲ್ಲಿ ದಕ್ಷಿಣ ಅಮೆರಿಕದ ಕ್ಲಬ್‌ಗಳ ಟೂರ್ನಿ ಕೊಪಾ ಸುಡಾಮೆರಿಕಾನಾ ಗೆದ್ದದ್ದನ್ನು ಎಲ್ಲರೂ ಪವಾಡ ಅನ್ನುತ್ತಾರೆ. ಎಂಥ ಪವಾಡ? ಊರಿರುವುದೇ 3,400 ಮೀಟರ್ ಎತ್ತರದಲ್ಲಿ. ಹೊರಗಿನವರಿಗೆ ಅರ್ಧ ಗಂಟೆಗೇ ಏದುಸಿರು. ಚಿಲಿಯ ಯೂನಿವರ್ಸಿದಾದ್ ಕತೋಲಿಕಾಗೆ ಕುಸ್ಕೊದಲ್ಲಿ 4-0 ಬಾರಿಸಿದರು, ಸ್ಯಾಂಟಿಯಾಗೊಗೆ ಹೋಗಿ 3-1ಕ್ಕೆ ಸೋತರು. ಇನ್ನೇನು ಸಾಕ್ಷಿ ಬೇಕು?

ಎಡಗಾಲು: ಬೇಕಾದ ಪಂದ್ಯ ಮಾತ್ರ ಹೆಕ್ಕಿಕೊಂಡಿದ್ದೀರಿ. ಬ್ರೆಜಿಲ್‌ಗೆ ಹೋಗಿ, ಸಮುದ್ರದ ಪಕ್ಕದಲ್ಲೇ, ಸ್ಯಾಂಟೋಸ್ ಜೊತೆ 1-1. ಕೊಲಂಬಿಯಾದ ಮೆಡೆಯಿನ್‌ನಲ್ಲಿ ಅಟ್ಲೆಟಿಕೊ ನ್ಯಾಸಿಯೊನಲ್ ಮೇಲೆ 2-1 ಗೆಲುವು. ಫೈನಲ್‌ನ ಮೊದಲ ಪಂದ್ಯ ಬ್ಯೂನಸ್ ಐರಿಸ್‌ನಲ್ಲಿ, ಅರ್ಜೆಂಟೀನಾದ ರಿವರ್ ಪ್ಲೇಟ್ ಎದುರು 3-3. ಫೈನಲ್‌ನ ಎರಡನೇ ಪಂದ್ಯವಂತೂ ಕುಸ್ಕೊದಲ್ಲಿ ಅಲ್ಲವೇ ಅಲ್ಲ, ಪೆರುವಿನದೇ ಇನ್ನೊಂದು ಊರು ಅರೆಕಿಪಾದಲ್ಲಿ.

ಗೋಡೆಗಡಿಯಾರ: ಅರೆಕಿಪಾ ಏನು ಕಡಲತೀರವಾ? ಅದೂ 2,300 ಮೀಟರ್ ಮೇಲಿದೆ.

ಎಡಗಾಲು: ಕುಸ್ಕೊಗಿಂತ ಒಂದು ಕಿಲೋಮೀಟರ್ ಕೆಳಗೆ ಸ್ವಾಮಿ! ಸಿಯೆನ್ಸಿಯಾನೊಗೆ ಅದು ಸ್ವಂತ ಮೈದಾನವೂ ಅಲ್ಲ. ಕುಸ್ಕೊದಲ್ಲಿ ಫೈನಲ್‌ಗೆ ಬೇಕಾದಷ್ಟು ಸೀಟು ಇರಲಿಲ್ಲ ಅಂತ ಅಲ್ಲಿಗೆ ಹೋದದ್ದು.

ಮೂಲೆಮನೆ: "ಸ್ವಂತ ಮೈದಾನ ಅಲ್ಲ"ವಂತೆ! ಹಾಗಾದರೆ ಅಂದು ಕೂಗಿದವರೆಲ್ಲ ರಿವರ್ ಅಭಿಮಾನಿಗಳಾ?

ಎಡಗಾಲು: ಮದುವೆ ಊಟಕ್ಕೆ ಬಂದವರೆಲ್ಲ ಬೀಗರಾ?

ಮೂಲೆಮನೆ: ಬೀಗರ ಸುದ್ದಿ ಬಿಡಿ. ದಾಖಲೆಯಲ್ಲಿ ಆತಿಥೇಯ ತಂಡ ಯಾವುದು? ಸಿಯೆನ್ಸಿಯಾನೊ. ಅಂದಮೇಲೆ ಅದು ಅವರದೇ ಮೈದಾನ.

ಎಡಗಾಲು: ದಾಖಲೆ ಓದುವುದಾದರೆ ಪೂರ್ತಿ ಓದಿ. ಡಿಸೆಂಬರ್ 19. 78ನೇ ನಿಮಿಷ, ಸಿಯೆನ್ಸಿಯಾನೊದ ಲುಗೊ ಹೊಡೆದ ಫ್ರೀ ಕಿಕ್ ಬಲೆಯೊಳಗೆ. 1-0. ಸಿಯೆನ್ಸಿಯಾನೊದ ಇಬ್ಬರಿಗೆ ಕೆಂಪು ಕಾರ್ಡ್ ಬಿದ್ದು ಒಂಬತ್ತೇ ಜನ ಪಂದ್ಯ ಮುಗಿಸಿದರು. ಆಕಡೆ ರಿವರ್ ಬೆಂಚಿನಲ್ಲಿ ಪೆಲೆಗ್ರಿನಿ ಅಂಥ ಕೋಚ್. ಎತ್ತರ ಬಂದು ಆ ಇಬ್ಬರ ಜಾಗದಲ್ಲಿ ಆಡಿತಾ?

ಮೂಲೆಮನೆ: ಕೆಂಪು ಕಾರ್ಡ್ ತಗೊಳ್ಳುವುದೂ ಈಗ ಸಾಧನೆಯಾ? ಮೈದಾನ ಯಾರದು ಹೇಳಿ ಮೊದಲು.

ಹಳೆಜೆರ್ಸಿ: ನಿಮ್ಮ ಮೈದಾನದ ಜಗಳದಲ್ಲಿ ತಂಡವನ್ನೇ ಮರೆತಿರಿ. ಸಿಯೆನ್ಸಿಯಾನೊದ ಸ್ಟ್ರೈಕರ್ ಕಾರ್ಟಿಗೆ ಆಗ 35 ವರ್ಷ. ಟೂರ್ನಿಯಲ್ಲಿ ಜಾಸ್ತಿ ಗೋಲು ಅವನದೇ, 6. ಗೋಲಿ ಇಬಾನ್ಯೆಸ್ ಹುಟ್ಟಿದ್ದು ಅರ್ಜೆಂಟೀನಾದಲ್ಲಿ, ಲುಗೊ ಪರಾಗ್ವೆಯವನು, ಸರಾಸ್ ಕೊಲಂಬಿಯಾದವನು. ಎಲ್ಲರನ್ನೂ ಒಟ್ಟು ಹಾಕಿ ಆಡಿಸಿದ್ದು ಕೋಚ್ ಫ್ರೆಡಿ ಟೆರ್ನೆರೊ. ಅವರ ಹೆಸರು ಇಲ್ಲಿ ಯಾರೂ ಎತ್ತಲಿಲ್ಲ, ನೋಡಿ.

ಗೋಡೆಗಡಿಯಾರ: "ಪರಾಗ್ವೆಯವನು". ನೀವೇ ಹೇಳಿದಿರಿ. ಮತ್ತೆ ಕುಸ್ಕೊದ ಹುಡುಗರ ತಂಡ ಅಂತ ಕುಣಿಯುವುದು ಯಾಕೆ?

ಹಳೆಜೆರ್ಸಿ: ಕುಣಿದದ್ದು ಯಾರು? 1901ರಲ್ಲಿ ಕುಸ್ಕೊದ ಸಿಯೆನ್ಸಿಯಾಸ್ ಶಾಲೆಯ ಹುಡುಗರು ಕಟ್ಟಿದ ಕ್ಲಬ್ ಅದು. ಹೆಸರೇ ಅಲ್ಲಿಂದ ಬಂದದ್ದು. ಸುಮ್ನೆ ಬಾಯಿಗೆ ಬಂದದ್ದು ಬರೆಯಬೇಡಿ.

ಮೂಲೆಮನೆ: 1901ರಿಂದ ಆಡಿ, 2003ರ ಹೊತ್ತಿಗೆ ಪೆರು ಲೀಗ್ ಒಂದಾದರೂ ಗೆದ್ದಿದ್ದರಾ? 2015ರಲ್ಲಿ ಎರಡನೇ ದರ್ಜೆಗೂ ಜಾರಿದರು.

ಎಡಗಾಲು: 2019ರಲ್ಲಿ ಎರಡನೇ ದರ್ಜೆ ಗೆದ್ದು ವಾಪಸ್ ಬಂದದ್ದು ನಿಮಗೆ ಕಾಣಲಿಲ್ಲ, ಅಲ್ವಾ? ಅರ್ಜೆಂಟೀನಾದ ಬೋಕಾ ಜೂನಿಯರ್ಸ್ ಜೊತೆ 2004ರ ರೆಕೊಪಾವೂ, ಅಂದರೆ ಖಂಡದ ಎರಡು ದೊಡ್ಡ ಕಪ್ ಗೆದ್ದವರ ನಡುವಿನ ಪಂದ್ಯವೂ, ಕಾಣಲಿಲ್ಲ. ಆಡಿದ್ದು ಅಮೆರಿಕದ ಫೋರ್ಟ್ ಲಾಡರ್‌ಡೇಲ್‌ನಲ್ಲಿ. ಪಕ್ಕದಲ್ಲೇ ಸಮುದ್ರ. 1-1, ಆಮೇಲೆ ಪೆನಾಲ್ಟಿಯಲ್ಲಿ 4-2ರಿಂದ ಸಿಯೆನ್ಸಿಯಾನೊ ಗೆಲುವು. ಅಲ್ಲಿ ಯಾವ ಬೆಟ್ಟ ಹತ್ತಿಸಿದರು?

ಗೋಡೆಗಡಿಯಾರ: ಪೆನಾಲ್ಟಿ ಹೊಡೆಯಲು ಉಸಿರು ಬೇಕಿಲ್ಲ.

ಹಳೆಜೆರ್ಸಿ: ಅದಕ್ಕೂ ಮೊದಲು 90 ನಿಮಿಷ ಏನು ಕೂತಿದ್ದರಾ? ನಿಮ್ಮ ಜೊತೆ ವಾದ ಮಾಡಿ ನನಗೇ ಏದುಸಿರು ಬಂತು. ನಮಸ್ಕಾರ.

ಮೂಲೆಮನೆ: ಅದೆಲ್ಲ ಇರಲಿ. ಅರೆಕಿಪಾ ಸ್ವಂತ ಮೈದಾನ ಅಂತ ಒಪ್ಪಿದಿರಾ, ಇಲ್ಲವಾ?

ಎಡಗಾಲು: ಬೀಗರನ್ನು ಕೇಳಿ ಹೇಳುತ್ತೇನೆ.