ಬೋರ್ಡಿಗೆ ಬೇಕು: ‘ಹುಚ್ಚುನಾಯಿ’ ಸಾಕೋ, ‘ರೇಬೀಸ್’ ಬೇಕೋ?

ಬಾಗಲಕೋಟೆಯಿಂದ:

ಎಲ್ಲರಿಗೂ ನಮಸ್ಕಾರ. ನವನಗರದ ನಮ್ಮ ಸೆಕ್ಟರಿನಲ್ಲಿ ಹಾಕುವ ಒಂದು ಬೋರ್ಡಿನ ಬರಹ ತಿದ್ದಿಕೊಡು ಅಂದಿದ್ದಾರೆ. ಪೇಂಟರ್ ನಾಳೆ ಬೆಳಿಗ್ಗೆ ಬರುತ್ತಾನೆ. ಕೈಗೆ ಕೊಟ್ಟ ಕರಡು ಇದು: “ರೇಬೀಸ್ ಶಂಕಿತ ಬೀಡಾಡಿ ಶ್ವಾನಗಳು ಕಂಡುಬಂದಲ್ಲಿ ಮಾಹಿತಿ ನೀಡತಕ್ಕದ್ದು. ಸಂತಾನಶಕ್ತಿಹರಣ ಚಿಕಿತ್ಸೆಗೊಳಪಟ್ಟ ಶ್ವಾನಗಳನ್ನು ಸ್ವಸ್ಥಾನದಲ್ಲಿಯೇ ಬಿಡುಗಡೆಗೊಳಿಸಲಾಗುವುದು.” ಸಂತೆಗೆ ಹೊರಟ ಮುದುಕಿಗೆ ಇದರಲ್ಲಿ ಏನು ತಿಳಿಯಬೇಕು? ‘ಶಂಕಿತ’, ‘ಬೀಡಾಡಿ’, ‘ಸಂತಾನಶಕ್ತಿಹರಣ’, ಈ ಮೂರಕ್ಕೂ ಆಡುಮಾತು ಬೇಕು. ರೇಬೀಸ್ ಬಿಟ್ಟು ಸುಮ್ನೆ ‘ಹುಚ್ಚುನಾಯಿ’ ಅಂತ ಬರೆದರೆ ಸಾಕಲ್ವಾ?

ಬೆಳಗಾವಿಯಿಂದ:

ಸಾಕು. ‘ರೇಬೀಸ್’ ಲ್ಯಾಟಿನ್. ಅಲ್ಲೂ ಅದರ ಅರ್ಥ ಹುಚ್ಚು, ಕೆರಳಿಕೆ ಅಂತಲೇ. ನಮ್ಮ ಪದ ಇರುವಾಗ ಅದು ಯಾಕೆ? ‘ಬೀಡಾಡಿ’ಗಿಂತ ‘ಬಿಡಾಡಿ’ ಸರಿ ಅಂತ ನನಗೆ ಅನಿಸುತ್ತದೆ. ‘ಸಂತಾನಶಕ್ತಿಹರಣ’ಕ್ಕೆ ‘ಬೀಜ ಒಡೆಸಿದ’ ಅನ್ನಿ. ಹಿಡಿದ ನಾಯಿಗಳನ್ನು ಇಡುವ ಜಾಗದ ಹೆಸರೂ ಬೋರ್ಡಿನಲ್ಲಿ ಬರುವುದಾದರೆ ‘ಕೊಂಡವಾಡ’ ಬೇಡ. ಅದು ಮರಾಠಿ. ‘ದೊಡ್ಡಿ’ ಬಳಸಿ.

ಮುಧೋಳದಿಂದ:

‘ಶ್ವಾನ’ ಮೊದಲು ಹೊಡೆದುಹಾಕಿ. ‘ನಾಯಿ’ ಅಂದರೆ ಕೀಳು ಅಂತ ಕಚೇರಿಯವರಿಗೆ ಯಾರು ಹೇಳಿದರೋ. 2005ರಲ್ಲಿ ಅಂಚೆ ಇಲಾಖೆಯ ಸ್ಟಾಂಪಿನ ಮೇಲೆ ಬಂದದ್ದು ನಮ್ಮೂರ ತಳಿ. ಅದನ್ನು ನಾವು ಇವತ್ತಿಗೂ ‘ಮುಧೋಳ ನಾಯಿ’ ಅಂತಲೇ ಕರೆಯುತ್ತೇವೆ.

ವಿಜಯಪುರದಿಂದ:

ಕೊಂಡವಾಡದ ಮಾತನ್ನು ಬಾಗಲಕೋಟೆಯವರು ಎತ್ತಿರಲೇ ಇಲ್ಲ. ಅದು ಬೆಳೆಗೆ ನುಗ್ಗಿದ ದನ ಕಟ್ಟಿ ದಂಡ ಹಾಕುವ ಜಾಗ. ನಾಯಿಗೆ ಅದೂ ಬೇಡ, ದೊಡ್ಡಿಯೂ ಬೇಡ. ಬಿಡಾಡಿ, ಬೀಡಾಡಿ ಜಗಳವೂ ಇರಲಿ. ‘ಬೀದಿನಾಯಿ’ ಅಂದರೆ ಎಲ್ಲರಿಗೂ ತಿಳಿಯುತ್ತದೆ. ಬೀಜ ಒಡೆಸುವುದು ಹೋರಿಗೆ. ಹೆಣ್ಣುನಾಯಿಗೆ ಗರ್ಭಕೋಶ ತೆಗೆಯುತ್ತಾರೆ, ಅದಕ್ಕೆ ಆ ಮಾತು ಹೊಂದುವುದಿಲ್ಲ. ಜನ ಹೇಳುವುದು ‘ಆಪರೇಶನ್ ಆದ ನಾಯಿ’. ಅದನ್ನೇ ಬರೆಯಿರಿ.

ನನ್ನ ತಕರಾರು ಇರುವುದು ‘ಹುಚ್ಚು’ ಮೇಲೆ. ಪಶು ಆಸ್ಪತ್ರೆಯಲ್ಲಿ ಕೆಲಸ ಮಾಡಿದವನು ನಾನು. ಹುಚ್ಚು ಅಂದ ಕೂಡಲೇ ಜನರ ಕಣ್ಣಿಗೆ ಬರುವುದು ಅಟ್ಟಿಸಿಕೊಂಡು ಬಂದು ಕಚ್ಚುವ ನಾಯಿ. ಆದರೆ ಈ ರೋಗ ಬಂದ ಎಷ್ಟೋ ನಾಯಿಗಳು ಯಾರನ್ನೂ ಅಟ್ಟುವುದಿಲ್ಲ. ಮೂಲೆ ಹಿಡಿದು ಕೂತಿರುತ್ತವೆ. ಕೆಳದವಡೆ ಜೋತಿರುತ್ತದೆ, ಜೊಲ್ಲು ಸುರಿಯುತ್ತದೆ, ನುಂಗಲು ಆಗುವುದಿಲ್ಲ. ಎಲುಬು ಸಿಕ್ಕಿರಬೇಕು ಅಂತ ಪಾಪ ಯಾರೋ ಬಾಯೊಳಗೆ ಕೈ ಹಾಕುತ್ತಾರೆ. ಹುಚ್ಚುನಾಯಿ ಕಚ್ಚಿದ ಎಮ್ಮೆಯದೂ ಇದೇ ಕತೆ. ಬಿಟ್ಟೂ ಬಿಡದೆ ಒರಲುತ್ತದೆ, ಮೇವು ಇಳಿಯುವುದಿಲ್ಲ. ಗಂಟಲಲ್ಲಿ ಕಣಿಕೆ ಸಿಕ್ಕಿದೆ ಅಂತ ಮನೆಯವರು ಮೊಣಕೈತನಕ ಕೈ ಇಳಿಸುತ್ತಾರೆ. ಬೆರಳಲ್ಲಿ ಒಂದು ಗೀರು ಇದ್ದರೆ ಸಾಕು, ಆ ಜೊಲ್ಲಿನಿಂದ ರೋಗ ದಾಟಬಹುದು. ಇವರಿಗೆ ‘ಹುಚ್ಚುನಾಯಿ ಬಗ್ಗೆ ಎಚ್ಚರ’ ಅಂತ ಬೋರ್ಡ್ ಹಾಕಿದರೆ ಏನು ಪ್ರಯೋಜನ? ಅವರ ಮುಂದೆ ಇರುವುದು ಹುಚ್ಚೂ ಅಲ್ಲ, ನಾಯಿಯೂ ಅಲ್ಲ.

ರೇಬೀಸ್ ಅಂತಲೇ ಇರಲಿ. ಸರಕಾರಿ ಆಸ್ಪತ್ರೆಯ ಚೀಟಿಯಲ್ಲಿ, ಕಾಂಪೌಂಡರ್ ಬಾಯಲ್ಲಿ ಬರುವುದು ಅದೇ. ಪಕ್ಕದಲ್ಲಿ ‘ಹುಚ್ಚುನಾಯಿ ರೋಗ’ ಅಂತ ಹಳೆಯ ಹೆಸರನ್ನೂ ಹಾಕಿ. ಒಂದನ್ನು ಕಂಡರೆ ಇನ್ನೊಂದು ಹೊಳೆಯಲಿ.

ಬೆಳಗಾವಿಯಿಂದ:

ಅಂದರೆ ರೋಗಕ್ಕೆ ಹೆಸರಿಡುವ ಶಕ್ತಿ ಕನ್ನಡಕ್ಕಿಲ್ಲ ಅಂತಾಯಿತು. ಒಂದೊಂದೇ ಪದ ಹೀಗೆ ಬಿಟ್ಟುಕೊಟ್ಟರೆ ನಾಳೆ ಉಳಿಯುವುದು ಪ್ರತ್ಯಯ ಮಾತ್ರ. ‘ಹುಚ್ಚು’ ಪದದ ಅರ್ಥವನ್ನು ಹಿಗ್ಗಿಸಿ, ಜನರಿಗೆ ಕಲಿಸಿ.

ವಿಜಯಪುರದಿಂದ:

ಕಲಿಸೋಣ, ಪುಸ್ತಕದಲ್ಲಿ. ಬೋರ್ಡ್ ಓದುವವನು ನಿಂತ ಕಾಲಲ್ಲಿ ಓದುತ್ತಾನೆ. ಪ್ಲೇಗ್ ಬಂದಾಗ ನಮ್ಮ ಹಿರಿಯರು ಪದವನ್ನು ಬಾಗಿಲಲ್ಲಿ ತಡೆಯಲಿಲ್ಲ. ‘ಪ್ಲೇಗಮ್ಮ’ ಅಂತ ಗುಡಿಯನ್ನೇ ಕಟ್ಟಿದರು. ಅದಕ್ಕಿಂತ ಕನ್ನಡದ ಪದ ಯಾವುದಿದೆ? ಎರವಲು ತಂದು ನಮ್ಮ ಪ್ರತ್ಯಯ ಹಚ್ಚುವುದೂ ಭಾಷೆಯ ಶಕ್ತಿಯೇ.

ಬಾಗಲಕೋಟೆಯವರಿಗೆ ಇನ್ನೆರಡು ಮಾತು. ‘ಲಸಿಕೆ’ ಜೊತೆ ‘ಸೂಜಿ’ಯನ್ನೂ ಬರೆಯಿರಿ. ನಮ್ಮ ಕಡೆ ಸೂಜಿ ಮಾಡಿಸುವುದೇ ಹೊರತು ಲಸಿಕೆ ಪಡೆಯುವುದಿಲ್ಲ. ಆಮೇಲೆ, ಹೊಕ್ಕಳ ಸುತ್ತ 14 ಸೂಜಿ ಅನ್ನುವ ಹೆದರಿಕೆ ವಯಸ್ಸಾದವರಲ್ಲಿ ಇನ್ನೂ ಜಾಸ್ತಿ ಇದೆ. ಕುರಿಯ ಮಿದುಳಿನಿಂದ ಮಾಡುತ್ತಿದ್ದ ಆ ಹಳೆಯ ಲಸಿಕೆ ನಿಂತು ಎಷ್ಟೋ ವರ್ಷ ಆಯಿತು. ಈಗ ತೋಳಿಗೆ, ಕೆಲವೇ ಸಲ. ‘ತೋಳಿಗೆ’ ಅನ್ನುವ ಪದ ಬೋರ್ಡಿನಲ್ಲಿ ಇರಲೇಬೇಕು. ಆ ಹೆದರಿಕೆಗೇ ಆಸ್ಪತ್ರೆಗೆ ಹೋಗದೆ ಗಾಯಕ್ಕೆ ಖಾರದಪುಡಿ ತುಂಬುತ್ತಾರೆ. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಸುವ ಔಷಧಿ ಇಲ್ಲ.

ಬಾಗಲಕೋಟೆಯಿಂದ:

ಎಲ್ಲರಿಗೂ ಧನ್ಯವಾದ. ‘ಸ್ವಸ್ಥಾನ’ದ ಸಾಲನ್ನು ಪೂರ್ತಿ ಬಿಡಲು ಆಗಲಿಲ್ಲ. ಹಿಡಿದುಕೊಂಡು ಹೋದ ನಾಯಿಯನ್ನು ಮತ್ತೆ ಇಲ್ಲೇ ತಂದು ಬಿಟ್ಟರು ಅಂತ ಜನ ಜಗಳಕ್ಕೆ ಬರುತ್ತಾರೆ. ಹಾಗೆ ಬಿಡಬೇಕು ಅನ್ನುವುದು ಕೇಂದ್ರ ಸರಕಾರದ 2023ರ ನಿಯಮ ಅಂತ ಅವರಿಗೂ ತಿಳಿಯಬೇಕು. ಪೇಂಟರ್‌ಗೆ ಕಳಿಸಿದ್ದು ಇದು:

“ಜೊಲ್ಲು ಸುರಿಸುವ, ನುಂಗಲಾಗದ, ಸುಮ್ಮನೆ ಮೂಲೆ ಹಿಡಿದ ನಾಯಿಗೂ ರೇಬೀಸ್ (ಹುಚ್ಚುನಾಯಿ ರೋಗ) ಇರಬಹುದು. ಮುಟ್ಟಬೇಡಿ. ದನ, ಎಮ್ಮೆಯ ಬಾಯಿಗೂ ಕೈ ಹಾಕಬೇಡಿ. ನಮಗೆ ತಿಳಿಸಿ. ಕಚ್ಚಿದರೆ, ಪರಚಿದರೆ, ಗಾಯಕ್ಕೆ ಜೊಲ್ಲು ತಾಗಿದರೆ ಸೋಪು ಹಚ್ಚಿ ಹರಿಯುವ ನೀರಲ್ಲಿ 15 ನಿಮಿಷ ತೊಳೆಯಿರಿ. ಅವತ್ತೇ ಆಸ್ಪತ್ರೆಗೆ ಹೋಗಿ. ಲಸಿಕೆ (ಸೂಜಿ) ತೋಳಿಗೆ. ಕಿವಿಯಲ್ಲಿ ಕತ್ತರಿಸಿದ ಗುರುತು ಇದ್ದರೆ ಆಪರೇಶನ್ ಆದ ನಾಯಿ. ಅದನ್ನು ಹಿಡಿದ ಜಾಗದಲ್ಲೇ ಬಿಡುವುದು ನಿಯಮ.”