ತಂಗೀ, ಕ್ಯಾಸೆಟ್ಟು ಅಂಗಡಿಗೆ ಕೊಟ್ಟುಬಿಟ್ಟೆಯಾ?

ತಂಗೀ, ನಿನ್ನ ಮೆಸೇಜು ಈಗ ನೋಡಿದೆ. ಟೈಪ್ ಮಾಡಲಿಕ್ಕೆ ಕಣ್ಣು ಸೋಲುತ್ತದೆ, ಅದಕ್ಕೇ ಮಾತಾಡಿ ಕಳಿಸ್ತೇನೆ. ನಮ್ಮ ಮನೆಯವರ ಗ್ರೂಪಿನಲ್ಲಿ ಇಷ್ಟದ ಹಾಡು, ಅದರ ನೆನಪು ಹೇಳುವ ಪಾಳಿ ಈ ವಾರ ನಿನ್ನದು. ಅಜ್ಜಿ ಹಾಡಿದ ಕ್ಯಾಸೆಟ್ಟು ಅಟ್ಟದ ಟ್ರಂಕಿನಲ್ಲಿ ಸಿಕ್ಕಿತು, ಟೇಪಿನ ಮೇಲೆ ಬಿಳಿ ಬೂಷ್ಟು ಬಂದಿದೆ, ಕಾರವಾರದಲ್ಲಿ ಅಂಗಡಿಗೆ ಕೊಡಲಾ ಅಂತ ಕೇಳಿದ್ದೀಯ. ಕೊಡಬೇಡ. ಅಂದರೆ, ಕೊಡು, ಆದರೆ ಕ್ಯಾಸೆಟ್ಟಿನ ಮೇಲಂಚಿನ ಎರಡು ಪ್ಲಾಸ್ಟಿಕ್ ಚೂರು ಮುರಿಯದೆ ಯಾರ ಕೈಗೂ ಕೊಡಬೇಡ.

ನನ್ನ ಆಯಿಯ, ಅಂದರೆ ಅಮ್ಮನ, ಕ್ಯಾಸೆಟ್ಟಿನ ಕಥೆ ನಿಮಗೆಲ್ಲ ಗೊತ್ತೇ ಇದೆ, ಆದರೂ ಹೇಳ್ತೇನೆ. ಅಡಿಕೆಗೆ ಒಳ್ಳೆ ರೇಟು ಬಂದ ವರ್ಷ ದೊಡ್ಡಪ್ಪ ಟೇಪ್ ರೆಕಾರ್ಡರ್ ತಂದರಲ್ಲ, ಆ ಮಳೆಗಾಲ ಅದನ್ನು ತವರಿಗೆ ಹೊತ್ತುಕೊಂಡು ಹೋಗಿದ್ದೆ. ಆಯಿ ಜಗಲಿಯಲ್ಲಿ ಬತ್ತಿ ಹೊಸೆಯುತ್ತಿದ್ದಳು. "ಇದರೆದುರು ಎಂತಕ್ಕೆ ಹಾಡೋದು, ಇದಕ್ಕೆಂತ ಮದುವೆಯಾ ಮುಂಜಿಯಾ" ಅಂತ ನಕ್ಕಳು. ಕೊನೆಗೆ ಹಸೆಗೆ ಕರೆಯುವ ಹಾಡು ಎತ್ತಿದಳು. ಎರಡನೇ ಸಾಲಿಗೆ ಕೆಮ್ಮು ಬಂತು, ಆದರೂ ನಿಲ್ಲಿಸಲಿಲ್ಲ. ಹಿಂದೆ ಅಡಿಕೆ ಮರದ ದಬ್ಬೆಯಲ್ಲಿ ಹರಿದ ಮಳೆನೀರು ಕೊಡಪಾನಕ್ಕೆ ಬೀಳುವ ಸದ್ದು. ಅದೂ ಟೇಪಿಗೆ ಬಂದಿತ್ತು.

ಆಯಿ ಹೋದ ಮೇಲೆ ಅಕ್ಕತಂಗಿಯರಿಗೆ ಒಂದೊಂದು ಕಾಪಿ ಇರಲಿ ಅಂತ ಪೇಟೆಯ ಅಂಗಡಿಯೊಂದಕ್ಕೆ ಕೊಟ್ಟೆವು. ಎರಡು ಕ್ಯಾಸೆಟ್ಟು ಹಾಕುವ ಡೆಕ್ಕು. ಅಂಗಡಿ ಹುಡುಗ ಅದಲು ಬದಲು ಹಾಕಿದ. ಖಾಲಿ ಕ್ಯಾಸೆಟ್ಟು ಓಡುವ ಕಡೆ, ಆಯಿಯದು ರೆಕಾರ್ಡ್ ಆಗುವ ಕಡೆ! ಸಿ-60 ಅದು, ಒಂದು ಬದಿ 30 ನಿಮಿಷ. ಅಷ್ಟೂ ಅಳಿಸಿಹೋಯಿತು. ಮನೆಗೆ ತಂದು ಹಾಕಿದರೆ ಬರೀ ಸುಂಯ್ ಅಂತ ಸದ್ದು. ಉಳಿದದ್ದು ಇನ್ನೊಂದು ಬದಿ, ದೊಡ್ಡಪ್ಪ ಇಡಗುಂಜಿ ಮೇಳದ ಯಕ್ಷಗಾನ ಆಟದಲ್ಲಿ ತುಂಬಿಸಿಕೊಂಡು ಬಂದ ನೆಬ್ಬೂರು ಭಾಗವತರ ಪದ. ಭಾಗವತರ ದನಿಗೆ, ಶಂಭು ಹೆಗಡೆಯವರ ಕುಣಿತಕ್ಕೆ ನಾನೂ ನಿದ್ದೆಗೆಟ್ಟು ಕೂತವಳೇ. ಆದರೂ ಆ ದಿನ ಕೇಳಲಿಕ್ಕೆ ಮನಸ್ಸು ಬರಲಿಲ್ಲ. ಅಂಗಡಿಯವ ಹೊಸ ಕ್ಯಾಸೆಟ್ಟು ಪುಕ್ಕಟೆ ಕೊಡ್ತೇನೆ ಅಂದ!

ಆ ಚೂರು ಮುರಿದಿದ್ದರೆ ರೆಕಾರ್ಡ್ ಗುಂಡಿ ಒತ್ತಿದರೂ ಕೂರುವುದಿಲ್ಲ. ಅದಕ್ಕೇ ಮತ್ತೆ ಹೇಳ್ತೇನೆ, ಮುರಿಯದೆ ಕೊಡಬೇಡ.

ಹಾಡುವವರಿಗೆ ಒಂದು ಜಾಗ ಅಂತ ಇದ್ದಿದ್ದರೆ ಕ್ಯಾಸೆಟ್ಟಿಗೆ ಇಷ್ಟು ಒದ್ದಾಡಬೇಕಿತ್ತಾ? ಮೊನ್ನೆ ಶಿರಸಿ ಮದುವೆಯಲ್ಲಿ ನೋಡಿದಿರಲ್ಲ. ನಾನೂ ಸಿದ್ದಾಪುರದ ಅತ್ತಿಗೆಯೂ ಹಾಡಿನ ಪಟ್ಟಿ ತೊಡೆಮೇಲಿಟ್ಟುಕೊಂಡು ಕಾದೆವು. ಮೈಕಿನವ ಸಿನಿಮಾ ಹಾಡು ನಿಲ್ಲಿಸಿದರೆ ತಾನೇ? ಧಾರೆಯ ಹಾಡು ಶುರುವಿಗೇ ಮುಳುಗಿಹೋಯಿತು. ಮೇಲಿಂದ ಫೋಟೋದವ ಬಂದು "ಅಜ್ಜೀ, ಸ್ವಲ್ಪ ಆಚೆ ಸರೀರಿ" ಅಂದ. ನಮ್ಮನೆ ಹುಡುಗರು, ಈ ಮಾಣಿಗಳು, ಒಬ್ಬರಾದರೂ ಇವರಿಗೊಂದು ಮೈಕ್ ಕೊಡಿ ಅಂದಿರಾ? ಊಟದ ಪಂಕ್ತಿಗೆ ಮಾತ್ರ ಎಲ್ಲ ಮುಂದೆ. ಈಗ ಗ್ರೂಪಿನಲ್ಲಿ ಅಜ್ಜಿಯ ಹಾಡು ಬೇಕು ಅಂತೀರಿ. ಇರಲಿ ಬಿಡಿ, ನಾನು ಹೇಳಿದರೆ ಜಾಸ್ತಿಯಾಯಿತು ಅಂತೀರಿ.

ಹಾಂ, ಬೂಷ್ಟಿನ ವಿಷಯ ಮರೆತೇಹೋಯಿತು ನೋಡು. ಹಾಗೇ ಟೇಪ್ ರೆಕಾರ್ಡರಿಗೆ ಹಾಕಬೇಡ. ಬೂಷ್ಟು ಟೇಪು ಓದುವ ಹೆಡ್ಡಿಗೆ ಮೆತ್ತುತ್ತದೆ, ಸುತ್ತು ಅಂಟಿದ್ದರೆ ಟೇಪೇ ಹರಿದುಹೋದೀತು. ರಿವೈಂಡ್ ಅಂತೂ ಬೇಡವೇ ಬೇಡ. ಬಿಸಿಲಿಗೂ ಇಡಬೇಡ, ಸೊಟ್ಟಗಾಗುತ್ತದೆ. ಸಿಲಿಕಾ ಜೆಲ್ ಪೊಟ್ಟಣ ಹಾಕಿ ಬಿಗಿ ಮುಚ್ಚಳದ ಡಬ್ಬಿಯಲ್ಲಿಡು. ಬೂಷ್ಟು ತೆಗೆದು ಕಂಪ್ಯೂಟರಿಗೆ ಹಾಕಿಕೊಡುವವರನ್ನೇ ಹುಡುಕು, ಎದುರು ಕೂತು ಮಾಡಿಸು. ಗ್ರೂಪಿಗೆ ಹಾಕುವಾಗ ಡಾಕ್ಯುಮೆಂಟ್ ಅಂತ ಕಳಿಸಬೇಕಂತೆ, ಇಲ್ಲಿ ಮಾಣಿ ಹೇಳ್ತಾ ಇದ್ದಾನೆ.

ಗಡಿಬಿಡಿ ಮಾಡಬೇಡ, ನಿನ್ನ ಪಾಳಿ ಮುಂದೆ ಹಾಕಿಸು. ಈ ವಾರ ಹೊನ್ನಾವರದ ಮಾವ ಹಾಡಲಿ, ಬೇಡ ಅಂದರೂ ಹೇಗೂ ಹಾಡುತ್ತಾರೆ.